ಲ್ಯಾಪ್‌ಟಾಪ್‌ನಿಂದ ಸ್ಪೀಕರ್‌ಗೆ ವೈರ್ ಇಲ್ದೆ ಸೌಂಡ್: ಕೊಡಗಿನ ಮನೆಗೆ ಯಾವ್ದು ಸರಿ ಹೋಗತ್ತೆ?

ಜೂನ್ ಜುಲೈನಲ್ಲಿ ಶೀಟ್ ಮೇಲೆ ಮಳೆ ಹೊಡಿಯೋಕೆ ಶುರು ಆಯ್ತು ಅಂದ್ರೆ ಲ್ಯಾಪ್‌ಟಾಪ್ ಒಳಗಿರೋ ಸ್ಪೀಕರ್ ಇದ್ರೂ ಒಂದೇ ಇಲ್ದಿದ್ರೂ ಒಂದೇ. ವಾಲ್ಯೂಮ್ ನೂರಕ್ಕೆ ಇಟ್ರೂ ಸಿನಿಮಾದಲ್ಲಿ ಬಾಯಿ ಆಡೋದು ಕಾಣತ್ತೆ, ಮಾತು ಕೇಳಲ್ಲ. ಆಗ ಎಲ್ರೂ ಸ್ಪೀಕರ್ ಹುಡುಕೋಕೆ ಶುರು ಮಾಡ್ತಾರೆ, ಯೂಟ್ಯೂಬ್‌ನಲ್ಲಿ ನಾಲ್ಕು ರಿವ್ಯೂ ನೋಡ್ತಾರೆ, ಅಲ್ಲಿ ಬೆಂಗಳೂರಿನ ಫ್ಲ್ಯಾಟ್‌ನಲ್ಲಿ ಕೂತವರು ಬಾಸ್ ಹೇಗಿದೆ, ಟ್ರೆಬಲ್ ಹೇಗಿದೆ, ಯಾವ ಕೋಡೆಕ್ (ಸೌಂಡ್‌ನ ಕುಗ್ಗಿಸಿ ಕಳಿಸೋ ವಿಧಾನ) ಇದೆ ಅಂತ ಹೇಳ್ತಾ ಇರ್ತಾರೆ. ಅದೆಲ್ಲ ಸರಿ, ಆದ್ರೆ ನಮ್ಮ ಕಡೆ ಮೊದಲು ಕೇಳ್ಬೇಕಾದ ಪ್ರಶ್ನೆನೇ ಬೇರೆ. ಕರೆಂಟ್ ಹೋದಾಗ ಇದು ಹಾಡತ್ತಾ? ನೆಟ್ ಹೋದಾಗ ಹಾಡತ್ತಾ? ಈ ಎರಡಕ್ಕೆ ಉತ್ತರ ಸಿಕ್ಕಿದ ಮೇಲೆ ಬಾಸ್ ವಿಚಾರ ಮಾತಾಡೋಣ.

ಪೂರ್ತಿ ಓದೋಕೆ ಪುರುಸೊತ್ತಿಲ್ಲ ಅನ್ನೋರಿಗೆ ಈಗಲೇ ಹೇಳಿಬಿಡ್ತೀನಿ: ಒಂದೇ ಸ್ಪೀಕರ್ ತಗೊಳ್ಳೋದಾದ್ರೆ ಬ್ಯಾಟರಿ ಇರೋ ಬ್ಲೂಟೂತ್ ಸ್ಪೀಕರ್ ತಗೊಳ್ಳಿ. ಮನೇಲಿ ಆಗಲೇ ಹಳೇ ಹೋಮ್ ಥಿಯೇಟರ್ ಅಥವಾ ಆಂಪ್ಲಿಫೈಯರ್ ಇದ್ರೆ ಹೊಸ ಸ್ಪೀಕರ್ ಬೇಡವೇ ಬೇಡ, ಅದಕ್ಕೆ ಬ್ಲೂಟೂತ್ ರಿಸೀವರ್ ಹಾಕಿ. ವೈಫೈ ಸ್ಪೀಕರ್ ಬಗ್ಗೆ ಯೋಚ್ನೆ ಮಾಡೋದು ರೌಟರ್‌ಗೆ ಬ್ಯಾಕಪ್ ಇದ್ರೆ ಮಾತ್ರ. ಯಾಕೆ ಅಂತ ಬೇಕಾದವರು ಮುಂದೆ ಓದಿ.

ಬ್ಲೂಟೂತ್

ಇದರ ದೊಡ್ಡ ಪ್ಲಸ್ ಪಾಯಿಂಟ್ ಅಂದ್ರೆ ಲ್ಯಾಪ್‌ಟಾಪ್ ಮತ್ತೆ ಸ್ಪೀಕರ್ ನೇರವಾಗಿ ಮಾತಾಡ್ಕೊಳ್ತವೆ, ಮಧ್ಯ ರೌಟರ್ ಬೇಡ, ಇಂಟರ್ನೆಟ್ ಬೇಡ. ಟವರ್ ಬಿದ್ದು ಮೂರು ದಿನ ನೆಟ್ ಇಲ್ದಿದ್ರೂ ಹಾರ್ಡ್ ಡಿಸ್ಕ್‌ನಲ್ಲಿರೋ ಹಾಡು ಹಾಡತ್ತೆ. ಲ್ಯಾಪ್‌ಟಾಪ್‌ಗೂ ಬ್ಯಾಟರಿ, ಸ್ಪೀಕರ್‌ಗೂ ಬ್ಯಾಟರಿ, ಸಂಜೆ ಕಳಿಯೋಕೆ ಇನ್ನೇನು ಬೇಕು.

ಮೈನಸ್ ಅಂದ್ರೆ ದೂರ. ಡಬ್ಬದ ಮೇಲೆ 10 ಮೀಟರ್ ಅಂತ ಬರೆದಿರ್ತಾರೆ, ಅದು ನಡುವೆ ಏನೂ ಅಡ್ಡ ಇಲ್ಲದ ಜಾಗದ ಲೆಕ್ಕ. ಹೊಸ ಮನೆಗಳ ತೆಳ್ಳನೆ ಇಟ್ಟಿಗೆ ಗೋಡೆ ಒಂದು ದಾಟಬಹುದು. ಆದ್ರೆ ಹಳೇ ಐನ್‌ಮನೆ (ಕೊಡವರ ಕುಟುಂಬದ ಮೂಲ ಮನೆ) ತರದ ಮನೆಗಳಲ್ಲಿ ಮಣ್ಣಿನ ಗೋಡೆನೋ ಕಲ್ಲಿನ ಗೋಡೆನೋ ಎಷ್ಟು ದಪ್ಪ ಇರತ್ತೆ ನೋಡಿದ್ದೀರಲ್ಲ, ಒಳಗಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟು ಜಗಲಿಯಲ್ಲಿ ಸ್ಪೀಕರ್ ಇಟ್ರೆ ಹಾಡು ತುಂಡು ತುಂಡಾಗಿ ಬರತ್ತೆ ಇಲ್ಲಾಂದ್ರೆ ಬರೋದೇ ಇಲ್ಲ. ಬ್ಲೂಟೂತ್ ಓಡೋದು 2.4 ಗಿಗಾಹರ್ಟ್ಸ್‌ನಲ್ಲಿ, ಆ ಸಿಗ್ನಲ್‌ನ ನೀರು ಚೆನ್ನಾಗಿ ಹೀರ್ಕೊಳ್ಳತ್ತೆ, ಮನುಷ್ಯನ ಮೈಯಲ್ಲೂ ಇರೋದು ಹೆಚ್ಚಾಗಿ ನೀರೇ, ಅದಕ್ಕೇ ಹತ್ತು ಜನ ಮಧ್ಯ ಕೂತ್ಕೊಂಡ್ರೆ ಸೌಂಡ್ ಕಟ್ ಆಗೋದು. ಸ್ಪೀಕರ್‌ನ ನೆಲದ ಮೇಲೆ ಇಡೋ ಬದಲು ಅಲ್ಮೇರಾ ಮೇಲೆ, ಎಲ್ರ ತಲೆಗಿಂತ ಎತ್ತರದಲ್ಲಿ ಇಡಿ, ಅರ್ಧ ಸಮಸ್ಯೆ ಅಲ್ಲೇ ಮುಗಿಯತ್ತೆ.

ಇನ್ನೊಂದು ವಿಚಾರ ತುಂಬಾ ಜನಕ್ಕೆ ಗೊತ್ತಿಲ್ಲ. ನಮ್ಮಲ್ಲಿ ನೆಟ್ ನಂಬೋಕಾಗಲ್ಲ ಅಂತ ಸಿನಿಮಾ ಎಲ್ಲ ಹಾರ್ಡ್ ಡಿಸ್ಕ್‌ಗೆ ತುಂಬ್ಕೊಂಡು ಇಟ್ಕೊಂಡಿರ್ತಾರಲ್ಲ, ಆ ಯುಎಸ್‌ಬಿ 3.0 ಹಾರ್ಡ್ ಡಿಸ್ಕ್ ಓಡ್ತಾ ಇರೋವಾಗ ಅದರ ಕೇಬಲ್ ಮತ್ತೆ ಪೋರ್ಟ್‌ನಿಂದ ಇದೇ 2.4 ಗಿಗಾಹರ್ಟ್ಸ್ ಸುತ್ತಮುತ್ತ ಗಲಾಟೆ ಹೊರಡತ್ತೆ, ಇದನ್ನ ಇಂಟೆಲ್ ಕಂಪನಿಯವರೇ 2012ರಲ್ಲಿ ಬರೆದು ಹೇಳಿದ್ದಾರೆ. ಹಾಗಾಗಿ ಪೆನ್‌ಡ್ರೈವ್‌ನಿಂದ ಹಾಡು ಹಾಕಿದ್ರೆ ಸರಿ, ಹಾರ್ಡ್ ಡಿಸ್ಕ್‌ನಿಂದ ಸಿನಿಮಾ ಹಾಕಿದ್ರೆ ಕಟ್ ಕಟ್ ಅಂತ ಯಾರಾದ್ರೂ ಹೇಳಿದ್ರೆ ಸ್ಪೀಕರ್‌ನ ಬೈಯ್ಯೋಕೆ ಹೋಗ್ಬೇಡಿ, ಹಾರ್ಡ್ ಡಿಸ್ಕ್‌ನ ಲ್ಯಾಪ್‌ಟಾಪ್‌ನ ಇನ್ನೊಂದು ಪಕ್ಕದ ಪೋರ್ಟ್‌ಗೆ ಹಾಕಿ, ಇಲ್ಲ ಒಂದು ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಸ್ವಲ್ಪ ದೂರ ಇಡಿ. ಅದಕ್ಕೂ ಬಗ್ಗದಿದ್ರೆ ಸಿನಿಮಾನ ಲ್ಯಾಪ್‌ಟಾಪ್‌ಗೇ ಕಾಪಿ ಮಾಡ್ಕೊಂಡು ಹಾರ್ಡ್ ಡಿಸ್ಕ್ ಕಿತ್ತಿಡಿ. ವೈಫೈನೂ 2.4ರಲ್ಲೇ ಇದ್ರೆ ಅದನ್ನ 5 ಗಿಗಾಹರ್ಟ್ಸ್‌ಗೆ ಬದಲಾಯಿಸಿದ್ರೆ ಇನ್ನೂ ಒಳ್ಳೇದು. ಅಡಿಗೆಮನೆ ಮೈಕ್ರೋವೇವ್ ಕೂಡ ಇದೇ ಬ್ಯಾಂಡ್‌ನಲ್ಲಿ ಕಿರಿಕಿರಿ ಮಾಡೋದೇ.

ಮಾತು ಒಂದು ಕಡೆ ಬಾಯಿ ಒಂದು ಕಡೆ

ಬ್ಲೂಟೂತ್‌ನಲ್ಲಿ ಸೌಂಡ್ ಸ್ವಲ್ಪ ಲೇಟಾಗಿ ಬರತ್ತೆ, ಮಾಮೂಲಿ ಸ್ಪೀಕರ್‌ಗಳಲ್ಲಿ ಸೆಕೆಂಡಿನ ಹತ್ತರಲ್ಲಿ ಎರಡು ಭಾಗ ಅಂತ ಇಟ್ಕೊಳ್ಳಿ. ಹಾಡಿಗೆ ಇದು ಲೆಕ್ಕಕ್ಕೇ ಇಲ್ಲ. ಯೂಟ್ಯೂಬ್, ಓಟಿಟಿ ಎಲ್ಲ ಬ್ರೌಸರ್‌ನಲ್ಲಿ ನೋಡೋವಾಗ ಸಾಮಾನ್ಯವಾಗಿ ಬ್ರೌಸರ್ರೇ ವಿಡಿಯೋನ ಅಷ್ಟು ತಡ ಮಾಡಿ ಹೊಂದಿಸ್ಕೊಳ್ಳತ್ತೆ. ವಿಎಲ್‌ಸಿ ಪ್ಲೇಯರ್‌ನಲ್ಲಿ ಸಿನಿಮಾ ನೋಡೋವಾಗ ಹೊಂದದೇ ಇದ್ರೆ ಕೀಬೋರ್ಡ್‌ನಲ್ಲಿ ಜೆ ಒತ್ತಿ, ಒಂದೊಂದು ಸಲ ಒತ್ತಿದಾಗ 50 ಮಿಲಿಸೆಕೆಂಡ್ ಸೌಂಡ್ ಮುಂಚೆ ಬರತ್ತೆ, ಜಾಸ್ತಿ ಆಯ್ತು ಅಂದ್ರೆ ಕೆ ಒತ್ತಿ ವಾಪಸ್ ಬನ್ನಿ (ವಿಂಡೋಸ್‌ನಲ್ಲಿ ಹೀಗೆ, ಮ್ಯಾಕ್‌ನಲ್ಲಿ ಕೀ ಬೇರೆ). ಗೇಮ್ ಆಡೋರಿಗೆ ಮತ್ತೆ ಕೀಬೋರ್ಡ್ ನುಡಿಸೋದು, ಹಾಡು ರೆಕಾರ್ಡ್ ಮಾಡೋದು ಅಂತ ಇರೋರಿಗೆ ಮಾತ್ರ ಇದು ಆಗಲ್ಲ, ಗುಂಡು ಹೊಡೆದ ಮೇಲೆ ಸದ್ದು ಕೇಳಿದ್ರೆ ಏನು ಪ್ರಯೋಜನ, ಅವರು ವೈರ್ ಹಾಕ್ಕೊಳ್ಳೋದೇ ಸರಿ.

ಕೋಡೆಕ್ ಹೆಸರಿನಲ್ಲಿ ದುಡ್ಡು ಹಾಕೋರಿಗೆ ಒಂದು ಮಾತು. ಎಲ್ಲಾ ಬ್ಲೂಟೂತ್ ಸ್ಪೀಕರ್‌ನಲ್ಲೂ ಎಸ್‌ಬಿಸಿ ಇದ್ದೇ ಇರತ್ತೆ, ಅದು ಕಡ್ಡಾಯ, ಸುಮಾರು 328 ಕೆಬಿಪಿಎಸ್ (ಸೆಕೆಂಡಿಗೆ ಎಷ್ಟು ಡೇಟಾ ಹೋಗತ್ತೆ ಅನ್ನೋ ಲೆಕ್ಕ) ತನಕ ಹೋಗತ್ತೆ. ಅದರ ಮೇಲೆ ಎಎಸಿ, ಆಪ್ಟ್‌ಎಕ್ಸ್, ಎಲ್‌ಡ್ಯಾಕ್ ಅಂತ ಬೇರೆ ಬೇರೆ ಬರ್ತವೆ, ಎಲ್‌ಡ್ಯಾಕ್ 990 ಕೆಬಿಪಿಎಸ್ ತನಕ. ಅಂಗಡಿಯವ್ರು ಎಲ್‌ಡ್ಯಾಕ್ ಇದೆ ಸರ್ ಅಂತ ಎರಡು ಸಾವಿರ ಜಾಸ್ತಿ ಹೇಳ್ತಾರೆ. ಆದ್ರೆ ಎರಡು ಕಡೆನೂ ಒಂದೇ ಕೋಡೆಕ್ ಇರ್ಬೇಕಲ್ಲ? ವಿಂಡೋಸ್ 10ರಲ್ಲಿ ಎಸ್‌ಬಿಸಿ ಮತ್ತೆ ಆಪ್ಟ್‌ಎಕ್ಸ್ ಬರತ್ತೆ, 11ರಲ್ಲಿ ಎಎಸಿ ಸೇರ್ತು, ಎಲ್‌ಡ್ಯಾಕ್ ವಿಂಡೋಸ್ ಜೊತೆ ಬರೋದೇ ಇಲ್ಲ. ಮ್ಯಾಕ್‌ಬುಕ್‌ನಲ್ಲಿ ಹೆಚ್ಚಾಗಿ ಎಎಸಿ. ಎಲ್‌ಡ್ಯಾಕ್ ಸುಲಭವಾಗಿ ಸಿಗೋದು ಪೈಪ್‌ವೈರ್ ಅನ್ನೋ ಸೌಂಡ್ ಸಾಫ್ಟ್‌ವೇರ್ ಇರೋ ಲಿನಕ್ಸ್‌ನಲ್ಲಿ, ಅದನ್ನ ಓಡಿಸೋರು ನನ್ನ ಈ ಬರಹ ಓದೋದೂ ಇಲ್ಲ ಬಿಡಿ. ವಿಂಡೋಸ್ ಲ್ಯಾಪ್‌ಟಾಪ್‌ಗೆ ಅಂತಲೇ ಎಲ್‌ಡ್ಯಾಕ್ ಸ್ಪೀಕರ್‌ಗೆ ದುಡ್ಡು ಜಾಸ್ತಿ ಕೊಡೋದು ದಂಡ. ಅದೇ ದುಡ್ಡಲ್ಲಿ ಸ್ವಲ್ಪ ದೊಡ್ಡ ಸ್ಪೀಕರ್ ತಗೊಂಡ್ರೆ ಮಳೆ ಸದ್ದಿನ ಮೇಲೂ ಕೇಳತ್ತೆ.

ವರ್ಕ್ ಫ್ರಮ್ ಹೋಮ್ ಅಂತ ಊರಿಗೆ ಬಂದಿರೋ ಹುಡುಗ್ರು ಹುಡುಗೀರು ಕೇಳೋ ಪ್ರಶ್ನೆ ಒಂದಿದೆ: ಹಾಡು ಚೆನ್ನಾಗಿ ಬರ್ತಿತ್ತು, ಮೀಟಿಂಗ್ ಶುರು ಆದ ತಕ್ಷಣ ಹಳೇ ಲ್ಯಾಂಡ್‌ಲೈನ್ ಫೋನ್ ತರ ಆಯ್ತು ಯಾಕೆ ಅಂತ. ಸ್ಪೀಕರ್ ಕೆಟ್ಟಿಲ್ಲ. ಸ್ಪೀಕರ್‌ನಲ್ಲಿರೋ ಮೈಕ್‌ನ ಮೀಟಿಂಗ್ ಆ್ಯಪ್ ಹಿಡ್ಕೊಂಡ ಕೂಡ್ಲೇ ಬ್ಲೂಟೂತ್ ಹಾಡಿನ ಮೋಡ್ ಬಿಟ್ಟು ಫೋನ್ ಕಾಲ್ ಮೋಡ್‌ಗೆ ಹೋಗತ್ತೆ, ಆಗ ಸ್ಟೀರಿಯೋ ಹೋಗಿ ಮೋನೋ ಆಗತ್ತೆ, ಕ್ವಾಲಿಟಿ ಬಿದ್ದು ಹೋಗತ್ತೆ. ಜೂಮ್, ಮೀಟ್ ಯಾವ್ದೇ ಇರ್ಲಿ ಅದರ ಆಡಿಯೋ ಸೆಟ್ಟಿಂಗ್‌ಗೆ ಹೋಗಿ ಮೈಕ್ ಅಂತ ಇರೋ ಕಡೆ ಲ್ಯಾಪ್‌ಟಾಪ್‌ನ ಸ್ವಂತ ಮೈಕ್ ಆರಿಸಿ, ಸ್ಪೀಕರ್ ಮಾತ್ರ ಬ್ಲೂಟೂತ್ ಇರ್ಲಿ. ಎಲ್‌ಇ ಆಡಿಯೋ ಅಂತ ಹೊಸದು ಬಂದಿದೆ, ಬ್ಲೂಟೂತ್ 5.2ರ ಮೇಲೆ ನಿಂತಿರೋದು, ಅದ್ರಲ್ಲಿ ಈ ತೊಂದ್ರೆ ಹೋಗ್ಬೇಕು, ಆದ್ರೆ ಲ್ಯಾಪ್‌ಟಾಪ್ ಸ್ಪೀಕರ್ ಎರಡರಲ್ಲೂ ಇರ್ಬೇಕು, ಬರೀ 5.2 ಅಂತ ಬರೆದಿದ್ರೆ ಸಾಲಲ್ಲ. ಅದಕ್ಕೋಸ್ಕರ ಈಗಲೇ ಲ್ಯಾಪ್‌ಟಾಪ್ ಬದಲಾಯಿಸ್ಬೇಡಿ.

ಹಳೇ ಸೆಟ್ ಇರೋ ಮನೆ

ನನ್ನ ಪ್ರಕಾರ ಕಮ್ಮಿ ದುಡ್ಡಿಗೆ ಇದರಷ್ಟು ಲಾಭ ಇನ್ಯಾವ್ದ್ರಲ್ಲೂ ಇಲ್ಲ. ಗೋಣಿಕೊಪ್ಪ ಕಡೆಯಾಗ್ಲಿ ಸೋಮವಾರಪೇಟೆ ಕಡೆಯಾಗ್ಲಿ ಹಳೇ ಮನೆಗಳಿಗೆ ಹೋದ್ರೆ ಹಾಲ್‌ನ ಮೂಲೆಯಲ್ಲಿ ಒಂದು ಟೇಪ್ ಡೆಕ್‌ನ ಆಂಪ್ಲಿಫೈಯರ್ರೋ, ಡಿವಿಡಿ ಕಾಲದ 5.1 ಹೋಮ್ ಥಿಯೇಟರ್ರೋ ಬಟ್ಟೆ ಮುಚ್ಚಿಕೊಂಡು ಕೂತಿರತ್ತೆ. ಅದರ ಮರದ ಡಬ್ಬದ ಸ್ಪೀಕರ್ ಇವತ್ತಿನ ಐದು ಸಾವಿರದ ಪ್ಲಾಸ್ಟಿಕ್ ಸ್ಪೀಕರ್‌ಗಿಂತ ಚೆನ್ನಾಗಿ ಹಾಡೋದು ಎಷ್ಟೋ ಸಲ ಇದೆ. ಹಿಂದೆ ಕೆಂಪು ಬಿಳಿ ಪಿನ್‌ನ ಇನ್‌ಪುಟ್ ಇದ್ರೆ ಸಾಕು, ಬ್ಲೂಟೂತ್ ಆಡಿಯೋ ರಿಸೀವರ್ ಅಂತ ಒಂದು ಪುಟ್ಟ ಡಬ್ಬಿ ಸಾವಿರ ರೂಪಾಯಿ ಒಳಗೆ ಸಿಗತ್ತೆ, ಅದನ್ನ ಅಲ್ಲಿ ಚುಚ್ಚಿ ಲ್ಯಾಪ್‌ಟಾಪ್‌ನ ಪೇರ್ ಮಾಡಿದ್ರೆ ಆಯ್ತು.

ಅಂಗಡಿಯಲ್ಲಿ ಕೇಳೋವಾಗ ಮಾತ್ರ ಹುಷಾರು. ಬ್ಲೂಟೂತ್ ಡಾಂಗಲ್ ಅಂತ ಕೇಳಿದ್ರೆ ಕಂಪ್ಯೂಟರ್‌ಗೆ ಹಾಕೋ ಯುಎಸ್‌ಬಿ ಕೊಡ್ತಾರೆ, ಅದು ಬ್ಲೂಟೂತ್ ಇಲ್ದಿರೋ ಕಂಪ್ಯೂಟರ್‌ಗೆ ಬ್ಲೂಟೂತ್ ಕೊಡೋಕೆ, ಅದನ್ನ ತಂದು ಆಂಪ್ಲಿಫೈಯರ್‌ಗೆ ಚುಚ್ಚಿದ್ರೆ ಏನೂ ಆಗಲ್ಲ. ಟ್ರಾನ್ಸ್‌ಮಿಟರ್ ಅಂತಲೂ ಬರತ್ತೆ, ಅದು ಟಿವಿಯಿಂದ ಹೆಡ್‌ಫೋನ್‌ಗೆ ಸೌಂಡ್ ಕಳಿಸೋಕೆ. ನಿಮಗೆ ಬೇಕಾಗಿರೋದು 3.5 ಎಂಎಂ ಅಥವಾ ಕೆಂಪು ಬಿಳಿ ಪಿನ್ ಔಟ್ ಇರೋ ರಿಸೀವರ್. ಹಾಕಿದ ಮೇಲೆ ಗುಂಯ್ ಅಂತ ಸದ್ದು ಬಂದ್ರೆ ರಿಸೀವರ್‌ಗೆ ಕೊಟ್ಟಿರೋ ಕರೆಂಟ್‌ನಿಂದ ಬರ್ತಿರತ್ತೆ, ಬೇರೆ ಮೊಬೈಲ್ ಚಾರ್ಜರ್ ಹಾಕಿ ನೋಡಿ, ಇಲ್ಲ ಪವರ್ ಬ್ಯಾಂಕ್‌ನಿಂದ ಓಡಿಸಿ. ಇದ್ರ ಒಂದೇ ಕೊರತೆ ಅಂದ್ರೆ ಆಂಪ್ಲಿಫೈಯರ್ ಕರೆಂಟ್ ತಿನ್ನತ್ತೆ, ಯುಪಿಎಸ್ ಲೈನ್‌ನಲ್ಲಿ ಇಟ್ರೆ ಬ್ಯಾಟರಿ ಬೇಗ ಇಳಿಯತ್ತೆ. ಕರೆಂಟ್ ಇಲ್ದಿರೋ ರಾತ್ರಿಗೆ ಇದು ಅಲ್ಲ.

ವೈಫೈ ಕಡೆಯ ಕತೆ

ವೈಫೈನಲ್ಲಿ ಹೋಗೋ ಸೌಂಡ್‌ಗೆ ದೂರದ ತೊಂದ್ರೆ ಕಮ್ಮಿ, ರೌಟರ್ ಎಲ್ಲಿ ತನಕ ಮುಟ್ಟತ್ತೋ ಅಲ್ಲಿ ತನಕ ಹಾಡು, ಕ್ವಾಲಿಟಿನೂ ಜಾಸ್ತಿ. ಬೇರೆ ಬೇರೆ ಕೋಣೆಯಲ್ಲಿ ಒಂದೇ ಹಾಡು ಒಟ್ಟಿಗೆ ಹಾಕಬಹುದು, ಹೋಮ್‌ಸ್ಟೇ ಇಟ್ಟಿರೋರಿಗೆ ಬೆಳಗ್ಗೆ ಡೈನಿಂಗ್ ಹಾಲ್ ಮತ್ತೆ ಜಗಲಿ ಎರಡರಲ್ಲೂ ಮೆಲ್ಲಗೆ ಏನಾದ್ರೂ ಹಾಕ್ಬೇಕು ಅಂದ್ರೆ ಇದೇ ಚೆಂದ. ಆದ್ರೆ ಇದ್ರಲ್ಲಿ ಜಾತಿಗಳು ಜಾಸ್ತಿ. ಏರ್‌ಪ್ಲೇ ಆಪಲ್‌ನವರದ್ದು, ಮ್ಯಾಕ್‌ಬುಕ್ ಇದ್ರೆ ಲ್ಯಾಪ್‌ಟಾಪ್‌ನ ಪೂರ್ತಿ ಸೌಂಡ್ ಅದ್ರಲ್ಲಿ ಹೋಗತ್ತೆ. ವಿಂಡೋಸ್‌ನಿಂದ ಹಾಗೆ ನೇರ ಆಗಲ್ಲ, ಆಪಲ್‌ನವರ ಮ್ಯೂಸಿಕ್ ಆ್ಯಪ್ ಹಾಕ್ಕೊಂಡು ಅದರೊಳಗಿನ ಹಾಡು ಮಾತ್ರ ಕಳಿಸಬಹುದು. ಗೂಗಲ್ ಕಾಸ್ಟ್ ಆದ್ರೆ ಕ್ರೋಮ್ ಬ್ರೌಸರ್‌ನಲ್ಲೇ ಕಾಸ್ಟ್ ಅಂತ ಇದೆ, ಟ್ಯಾಬ್‌ನ ಸೌಂಡ್ ಸ್ಪೀಕರ್‌ಗೆ ಹೋಗತ್ತೆ, ಹಾಡಿಗೆ ಓಕೆ, ಆದ್ರೆ ವಿಡಿಯೋನ ಲ್ಯಾಪ್‌ಟಾಪ್‌ನಲ್ಲಿ ನೋಡ್ತಾ ಸೌಂಡ್ ಮಾತ್ರ ಆ ಕಡೆ ಕಳಿಸೋಕೆ ಹೋದ್ರೆ ಬ್ಲೂಟೂತ್‌ಗಿಂತ ಜಾಸ್ತಿ ತಡ. ಸ್ಪಾಟಿಫೈ ಕನೆಕ್ಟ್ ಅನ್ನೋದ್ರಲ್ಲಿ ಲ್ಯಾಪ್‌ಟಾಪ್ ಬರೀ ರಿಮೋಟ್, ಹಾಡನ್ನ ಸ್ಪೀಕರ್ರೇ ನೆಟ್‌ನಿಂದ ಎಳ್ಕೊಳ್ಳತ್ತೆ, ಲ್ಯಾಪ್‌ಟಾಪ್ ಮುಚ್ಚಿಟ್ರೂ ಹಾಡ್ತಾ ಇರತ್ತೆ.

ಇಲ್ಲಿ ಒಂದು ಗೊಂದಲ ಬಿಡಿಸ್ಕೋಬೇಕು. ವೈಫೈ ಬೇರೆ, ಇಂಟರ್ನೆಟ್ ಬೇರೆ. ಮರ ಬಿದ್ದು ಫೈಬರ್ ಕಟ್ ಆದ್ರೂ ರೌಟರ್‌ಗೆ ಕರೆಂಟ್ ಇದ್ರೆ ಮನೆ ಒಳಗಿನ ವೈಫೈ ಇದ್ದೇ ಇರತ್ತೆ. ಆಗ ಮ್ಯಾಕ್‌ಬುಕ್‌ನಲ್ಲಿ ಇಳಿಸಿಟ್ಟಿರೋ ಹಾಡು ಏರ್‌ಪ್ಲೇನಲ್ಲಿ ಹೋಗತ್ತೆ. ಸ್ಪಾಟಿಫೈ ಕನೆಕ್ಟ್ ಹೋಗಲ್ಲ, ಕಾಸ್ಟ್ ಮತ್ತೆ ಮಾತಾಡಿಸೋ ಸ್ಮಾರ್ಟ್ ಸ್ಪೀಕರ್‌ಗಳ ಮೇಲೆ ಭರವಸೆ ಇಟ್ಕೋಬೇಡಿ, ನೆಟ್ ಇಲ್ಲ ಅಂದ್ರೆ ಮುನಿಸ್ಕೊಂಡು ಕೂರ್ತವೆ (ಅದ್ರಲ್ಲಿ ಬ್ಲೂಟೂತ್ ಕೂಡ ಇದ್ರೆ ಆ ದಿನಕ್ಕೆ ಅದನ್ನ ಬಳಸಿ). ಇನ್ನು ಕರೆಂಟೇ ಹೋದ್ರೆ ರೌಟರ್ರೂ ಹೋಯ್ತು, ಬ್ಯಾಟರಿ ಇಲ್ದಿರೋ ಸ್ಪೀಕರ್ರೂ ಹೋಯ್ತು. ರೌಟರ್‌ಗೆ ಅಂತಲೇ 12 ವೋಲ್ಟ್‌ನ ಸಣ್ಣ ಯುಪಿಎಸ್ ಬರತ್ತೆ, ಕೆಲವು ಗಂಟೆ ಎಳೆಯತ್ತೆ, ಅದು ಇದ್ದವರು ಮಾತ್ರ ವೈಫೈ ಸ್ಪೀಕರ್ ಕಡೆ ನೋಡಿ. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಳೆ, ಗುಡ್ಡ ಕುಸಿತ ನೆನಪಿರೋರಿಗೆ ಇದನ್ನ ಬಿಡಿಸಿ ಹೇಳೋದು ಬೇಡ.

ಲ್ಯಾಪ್‌ಟಾಪ್ ಮತ್ತೆ ಸ್ಪೀಕರ್ ಒಂದೇ ವೈಫೈನಲ್ಲಿ ಇರ್ಬೇಕು ಅನ್ನೋದನ್ನೂ ಮರೀಬೇಡಿ. ಹೋಮ್‌ಸ್ಟೇಗಳಲ್ಲಿ ಗೆಸ್ಟ್ ವೈಫೈ ಅಂತ ಬೇರೆ ಮಾಡಿರ್ತಾರೆ, ಅದ್ರಲ್ಲಿ ಒಂದು ಡಿವೈಸ್‌ಗೆ ಇನ್ನೊಂದು ಕಾಣದ ಹಾಗೆ ತಡೆ ಇರತ್ತೆ, ಲ್ಯಾಪ್‌ಟಾಪ್ ಅದ್ರಲ್ಲಿ ಇದ್ರೆ ಸ್ಪೀಕರ್ ಎಷ್ಟು ಹುಡುಕಿದ್ರೂ ಸಿಗಲ್ಲ.

ಕೈಯಲ್ಲಿ ಕೆಲಸ ಮಾಡೋ ಆಸೆ ಇರೋ ಹುಡುಗ್ರಿಗೆ: ಮೂಲೆಯಲ್ಲಿ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡ್ ಬಿದ್ದಿದ್ರೆ ಅದಕ್ಕೆ ಶೇರ್‌ಪೋರ್ಟ್ ಸಿಂಕ್ ಅಂತ ಫ್ರೀ ಸಾಫ್ಟ್‌ವೇರ್ ಹಾಕಿದ್ರೆ ಹಳೇ ಆಂಪ್ಲಿಫೈಯರ್ರೇ ಏರ್‌ಪ್ಲೇ ಸ್ಪೀಕರ್ ಆಗತ್ತೆ. ಪೈ 4ರ ತನಕದ ದೊಡ್ಡ ಬೋರ್ಡ್‌ಗಳಲ್ಲಿ 3.5 ಎಂಎಂ ಜ್ಯಾಕ್ ಇದೆ, 5ರಲ್ಲಿ ತೆಗೆದುಬಿಟ್ಟಿದ್ದಾರೆ.

ಟಿವಿ ಮೂಲಕ ಹೋಗೋ ದಾರಿ

ಸ್ಮಾರ್ಟ್ ಟಿವಿಗೆ ಸೌಂಡ್‌ಬಾರ್ ಹಾಕಿರೋ ಮನೆಯವ್ರು ಇದನ್ನ ಯಾಕೋ ಯೋಚ್ನೆನೇ ಮಾಡಲ್ಲ. ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಕೀ ಜೊತೆ ಕೆ ಒತ್ತಿ, ಟಿವಿಯಲ್ಲಿ ಮಿರಾಕಾಸ್ಟ್ (ವೈರ್ ಇಲ್ದೆ ಸ್ಕ್ರೀನ್ ಕಳಿಸೋ ವ್ಯವಸ್ಥೆ) ಇದ್ರೆ ಟಿವಿಯ ಹೆಸರು ಬರತ್ತೆ, ಒತ್ತಿದ್ರೆ ಚಿತ್ರ ಸೌಂಡ್ ಎರಡೂ ಟಿವಿಗೆ ಹೋಗತ್ತೆ, ಅಲ್ಲಿಂದ ಸೌಂಡ್‌ಬಾರ್‌ಗೆ. ಇದು ಸಾಮಾನ್ಯವಾಗಿ ವೈಫೈ ಡೈರೆಕ್ಟ್‌ನಲ್ಲಿ ಓಡತ್ತೆ, ಹಾಗಂದ್ರೆ ರೌಟರ್ರೂ ಬೇಡ ನೆಟ್ಟೂ ಬೇಡ. ಎರಡೂ ಒಟ್ಟಿಗೆ ಹೋಗೋದ್ರಿಂದ ಬಾಯಿಗೂ ಮಾತಿಗೂ ಹೊಂದತ್ತೆ. ಹೊಸ ಸಾಮಾನು ಏನೂ ಕೊಳ್ಬೇಕಾಗಿಲ್ಲ. ಬರೀ ಹಾಡಿಗೋಸ್ಕರ ಟಿವಿ ಉರಿಸೋದು ಅನ್ಯಾಯ, ಆದ್ರೆ ಸಿನಿಮಾಕ್ಕೆ ನಾನು ಬ್ಲೂಟೂತ್‌ಗಿಂತ ಮೊದಲು ಇದನ್ನೇ ಹೇಳೋದು. ಮ್ಯಾಕ್‌ಬುಕ್‌ನಲ್ಲಿ ಮಿರಾಕಾಸ್ಟ್ ಇಲ್ಲ, ಟಿವಿಯಲ್ಲಿ ಏರ್‌ಪ್ಲೇ ಇದ್ರೆ ಮಾತ್ರ.

ತನ್ನದೇ ಯುಎಸ್‌ಬಿ ಡಾಂಗಲ್ ಜೊತೆ ಬರೋ ವೈರ್‌ಲೆಸ್ ಸ್ಪೀಕರ್‌ಗಳೂ ಇವೆ, ತಡ ತುಂಬಾ ಕಮ್ಮಿ, ಗೇಮ್‌ಗೆ ಒಳ್ಳೇದು. ಡಾಂಗಲ್ ಕಳೆದ್ರೆ ಮಾತ್ರ ಸ್ಪೀಕರ್ ಶೋಪೀಸ್.

ಹೋಮ್‌ಸ್ಟೇ ಇಟ್ಟಿರೋರಿಗೆ

ಬ್ಲೂಟೂತ್ ಸ್ಪೀಕರ್‌ಗೆ ಪಾಸ್‌ವರ್ಡ್ ಅಂತ ಸಾಮಾನ್ಯವಾಗಿ ಇರಲ್ಲ. ನೀವು ಲ್ಯಾಪ್‌ಟಾಪ್‌ನಿಂದ ಮೆಲ್ಲಗೆ ವಾಲಗ ಹಾಕಿರ್ತೀರ, ಪಕ್ಕದ ರೂಮಿನ ಗೆಸ್ಟ್ ಮೊಬೈಲ್‌ನಿಂದ ಕನೆಕ್ಟ್ ಆಗಿ ಡಿಜೆ ಹಾಡು ಶುರು ಆಗತ್ತೆ, ಬೈಯೋಕೂ ಆಗಲ್ಲ ನಗೋಕೂ ಆಗಲ್ಲ. ಎರಡು ಫೋನ್ ಒಟ್ಟಿಗೆ ಹಿಡಿಯೋ ಮಲ್ಟಿಪಾಯಿಂಟ್ ಇದ್ರೆ ಸ್ಪೀಕರ್‌ನ ಆ್ಯಪ್‌ನಲ್ಲಿ ಅದನ್ನ ಆಫ್ ಮಾಡಿ, ಪೇರಿಂಗ್ ಬಟನ್ ಒತ್ತಿದ್ರೆ ಮಾತ್ರ ಹೊಸಬರು ಸೇರೋ ಹಾಗಿರೋ ಮಾಡೆಲ್ ಹುಡುಕಿ. ಹೊರಗಡೆ ಫೈರ್‌ಕ್ಯಾಂಪ್ ಹತ್ರ ಹಾಕೋರು ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಹೊರಗೆ ಧ್ವನಿವರ್ಧಕ ಹಾಕ್ಬಾರ್ದು ಅಂತ 2000ನೇ ಇಸವಿಯ ನಿಯಮ ಇದೆ ಅನ್ನೋದನ್ನ ಗೆಸ್ಟ್‌ಗಳಿಗೆ ಮೊದಲೇ ಹೇಳಿಡಿ. ತೋಟದ ಅಂಚಿನಲ್ಲಿ ಇರೋ ಮನೆಗಳಲ್ಲಂತೂ ಕತ್ತಲಾದ ಮೇಲೆ ಆನೆ ಬರೋ ಸದ್ದು ಕಿವಿಗೆ ಬೀಳೋದು ಮುಖ್ಯ, ಹಾಡಲ್ಲ.

ಹೊರಗೆ ಇಡೋ ಸ್ಪೀಕರ್ ಆದ್ರೆ ಐಪಿ67 ಅಂತ ಬರೆದಿರೋದನ್ನ ನೋಡಿ ತಗೊಳ್ಳಿ, ಧೂಳೂ ಒಳಗೆ ಹೋಗಲ್ಲ, ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ಇದ್ರೂ ತಡೆಯತ್ತೆ ಅನ್ನೋದು ಅದರ ಅರ್ಥ. ಕಾಫಿ ಕಣದ ಧೂಳಿಗೂ ಜುಲೈ ಮಳೆಗೂ ಎರಡಕ್ಕೂ ಬೇಕಾಗತ್ತೆ. ಚಾರ್ಜಿಂಗ್ ತೂತು ಒಣಗದೇ ಚಾರ್ಜ್‌ಗೆ ಹಾಕ್ಬೇಡಿ ಅಷ್ಟೇ. ಎರಡು ಸ್ಪೀಕರ್ ಜೋಡಿಸಿ ಸ್ಟೀರಿಯೋ ಮಾಡೋ ಆಸೆ ಇದ್ರೆ ಎರಡೂ ಒಂದೇ ಮಾಡೆಲ್ ತಗೊಳ್ಳಿ, ಒಂದೇ ಕಂಪನಿಯದಾದ್ರೂ ಹಳೇದು ಹೊಸದರ ಜೊತೆಗೆ ಎಷ್ಟೋ ಸಲ ಸೇರಲ್ಲ, ಜೆಬಿಎಲ್‌ನಲ್ಲೇ ಸ್ಪೀಕರ್ ಜೋಡಿಸೋಕೆ ಹಳೇ ಪಾರ್ಟಿಬೂಸ್ಟ್ ಇರೋದಕ್ಕೂ ಹೊಸ ಔರಾಕಾಸ್ಟ್ ಇರೋದಕ್ಕೂ ಹೊಂದಲ್ಲ.

ಇನ್ನು ಮದುವೆ, ನಾಮಕರಣ, ಶಾಲೆ ಫಂಕ್ಷನ್. ಕೊಡವ ಸಮಾಜದಲ್ಲೋ ಗೌಡ ಸಮಾಜದಲ್ಲೋ ಲ್ಯಾಪ್‌ಟಾಪ್‌ನಿಂದ ಫೋಟೋ ಸ್ಲೈಡ್ ಶೋ ಹಾಕಿ ಹಾಡು ಕೊಡೋ ಕೆಲ್ಸ ಯಾರಾದ್ರೂ ನಿಮ್ಮ ತಲೆಗೆ ಕಟ್ಟಿದ್ರೆ ಬ್ಲೂಟೂತ್ ಕಡೆ ತಲೆನೇ ಹಾಕ್ಬೇಡಿ. ಐನೂರು ಜನ, ಐನೂರು ಮೊಬೈಲ್, ಎಲ್ಲಾ ಅದೇ ಬ್ಯಾಂಡ್‌ನಲ್ಲಿ. ಮೈಕ್‌ಸೆಟ್‌ನವರ ಮಿಕ್ಸರ್ ಪಕ್ಕನೇ ಲ್ಯಾಪ್‌ಟಾಪ್ ಇಟ್ಟು ವೈರ್ ಹಾಕಿ. ನೋಟಿಫಿಕೇಶನ್ ಆಫ್ ಮಾಡಿ, ಇಲ್ಲಾಂದ್ರೆ ವಾಟ್ಸಾಪ್ ಟಿಂಗ್ ಅನ್ನೋದು ಇಡೀ ಹಾಲ್‌ಗೆ ಕೇಳತ್ತೆ.

ಮನೆಗೂ ಅಷ್ಟೇ, ಏನೇ ತಗೊಂಡ್ರೂ ಸ್ಪೀಕರ್‌ನ ಹಿಂದೆ ತಿರುಗಿಸಿ ಆಕ್ಸ್ ತೂತು (3.5 ಎಂಎಂ ವೈರ್ ಹಾಕೋ ಜಾಗ) ಇದ್ಯಾ ನೋಡಿ. ಈಗ ಬರೋ ಎಷ್ಟೋ ಪೋರ್ಟಬಲ್ ಸ್ಪೀಕರ್‌ನಲ್ಲಿ ಅದನ್ನ ಕಿತ್ತು ಹಾಕಿದ್ದಾರೆ, ಅಂಗಡಿಯವ್ರು ತಾವಾಗಿ ಹೇಳಲ್ಲ. ಜೊತೆಗೆ ಒಂದು ಮೂರು ಮೀಟರ್ ಆಕ್ಸ್ ಕೇಬಲ್ ತಗೊಂಡು ಡ್ರಾಯರ್‌ನಲ್ಲಿ ಹಾಕಿಡಿ, ಇನ್ನೂರು ರೂಪಾಯಿ ಸುತ್ತಮುತ್ತ ಆಗಬಹುದು. ಹೊಸ ಲ್ಯಾಪ್‌ಟಾಪ್‌ನಲ್ಲಿ ಹೆಡ್‌ಫೋನ್ ಜ್ಯಾಕ್ ಇಲ್ಲ ಅಂದ್ರೆ ಟೈಪ್ ಸಿಯಿಂದ 3.5 ಎಂಎಂ ಮಾಡೋ ಕನೆಕ್ಟರ್ ಒಂದನ್ನೂ ಅದರ ಜೊತೆಗೇ ಸುತ್ತಿಡಿ.